ಬಾಣಂತಿಗೆ ಬೆಳೆದ ಸೊಪ್ಪಿನಲ್ಲಿ ಸೀಸ

ಅಮ್ಮ ಸಬ್ಬಸಿಗೆ ಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಾಗ ಪಕ್ಕದ ಮನೆಯ ಶಬಾನಾ ಹಿಂಬಾಗಿಲಿನಿಂದ ಓಡಿಬಂದಳು. “ಆಂಟಿ, ಸ್ಟವ್ ಆಫ್ ಮಾಡಿ! ಟೊಮ್ಯಾಟೊ ಹಾಕೋಣಾಂತ ನಮ್ಮ ಬ್ಯಾಕ್‌ಯಾರ್ಡ್ ಮಣ್ಣು ಟೆಸ್ಟ್ ಮಾಡ್ಸಿದ್ವಿ. ಲೆಡ್ ತುಂಬಾ ಇದೆಯಂತೆ. ನಿಮ್ದೂ ಅದೇ ಮಣ್ಣಲ್ವಾ?”

“ಚೆನ್ನಾಗಿ ತೊಳ್ದಿದೀನಲ್ಲಮ್ಮ,” ಎಂದಳು ಅಮ್ಮ. ಸೀಸ ಬೇರಿನಿಂದಲೇ ಎಲೆಗೆ ಏರಿರುತ್ತದೆ, ತೊಳೆದರೆ ಹೋಗುವುದಿಲ್ಲ ಎಂದು ಶಬಾನಾ ಹೇಳಿದಾಗ ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಬಂದವಳು, ಹಾಲು ಚೆನ್ನಾಗಿ ಬರಲೆಂದು ತಾನೇ ಬಿತ್ತಿ ಬೆಳೆದು ವಾರಗಟ್ಟಲೆ ನನಗೆ ಉಣಿಸಿದ ಸೊಪ್ಪು ಅದು.

ಅಮೆರಿಕದ ಷಾರ್ಲಟ್ ನಗರದ ಹೊರವಲಯದ ನಮ್ಮ ಬಡಾವಣೆ ಇರುವುದು ಹಳೆಯ ಚಿನ್ನದ ಗಣಿಯ ಜಾಗದಲ್ಲಿ. ಗಣಿಯಿಂದ ಎತ್ತಿಹಾಕಿದ್ದ, ಅದಿರಿನ ಸೀಸ ಬೆರೆತ ಮಣ್ಣನ್ನೇ ಸಮತಟ್ಟು ಮಾಡಿ, ಹುಲ್ಲು ಹಾಸಿ, ಮನೆ ಮಾರಿದ್ದಾರೆ. ಕಟ್ಟಿದವರ ಕಚೇರಿಗೆ ಫೋನ್ ಮಾಡಿದರೆ, ಹಿತ್ತಲಲ್ಲಿ ಬೆಳೆದದ್ದನ್ನು ತಿನ್ನಲು ನಿಮಗೆ ಹೇಳಿದವರು ಯಾರು ಎಂದು ನನ್ನನ್ನೇ ಕೇಳಿದರು! ಬಡಾವಣೆಯ ಹೆಬ್ಬಾಗಿಲಲ್ಲಿ ಆ ಗಣಿಯ ಹೆಸರನ್ನು ಹೊಳೆಯುವ ಅಕ್ಷರಗಳಲ್ಲಿ ಬರೆಸಲು ಇವರಿಗೆ ನೆನಪಿತ್ತು. ಮಣ್ಣಿನ ಬಗ್ಗೆ ಒಂದು ಮಾತು ಹೇಳಲು ಮಾತ್ರ ಯಾರಿಗೂ ನೆನಪಾಗಲಿಲ್ಲ.

ರಕ್ತಪರೀಕ್ಷೆಯಲ್ಲಿ ನನಗೂ ಮಗುವಿಗೂ ತೊಂದರೆಯಿಲ್ಲ ಎಂದು ಗೊತ್ತಾಯಿತು. ಆದರೆ ಅದು ಗೊತ್ತಾಗುವವರೆಗೆ, ಹಸಿದು ಅಳುವ ನನ್ನ ಕೂಸನ್ನು ಎದೆಗೆ ಹಿಡಿಯಲು ನಾನು ಹೆದರಿದೆನಲ್ಲ, ಅದಕ್ಕೆ ಯಾರು ಉತ್ತರ ಕೊಡುತ್ತಾರೆ?