ಗಾಡಿಗೆ ದಮ್ಮು ಬಂತು

ಕಾಲುವೆ ಏರಿಯ ಮೇಲೆ ಗಾಡಿ ನಿಂತೇಬಿಟ್ಟಿತು.

ಎದುರಿಗೆ ಕಾಣುವ ಕ್ಯಾಂಪಿನಲ್ಲಿ, ಅಂದರೆ ಕಾಲುವೆ ಬದಿಯ ರೈತರ ಸಣ್ಣ ಊರಿನಲ್ಲಿ, ಒಂದು ಎಮ್ಮೆ ಕರು ಹಾಕಲಾಗದೆ ಒದ್ದಾಡುತ್ತಿತ್ತು. ಎಡಕ್ಕೆ ಕಾಲುವೆ ನೀರು, ಬಲಕ್ಕೆ ಭತ್ತದ ಗದ್ದೆ, ನಡುವೆ ನಾನು. ಬೈಕಿನ ಸೆಲ್ಫ್ ಒತ್ತಿದೆ. ಗಾಡಿ ಶುರುವಾಯಿತು. ಆಕ್ಸಿಲೇಟರ್ ತಿರುವಿದೆ. ಕೆಮ್ಮಿತು, ಮುಗ್ಗರಿಸಿತು, ಮತ್ತೆ ಬಂದ್. ಕೊನೆಗೆ ಗಾಡಿಯನ್ನು ಅಲ್ಲೇ ಬಿಟ್ಟು, ಔಷಧದ ಚೀಲ ಹೆಗಲಿಗೆ ಹಾಕಿಕೊಂಡು ಓಡಿದೆ. (ನಲವತ್ತು ದಾಟಿದ ಪಶುವೈದ್ಯೆಯೊಬ್ಬಳು ಗಂಬೂಟು ಹಾಕಿಕೊಂಡು ಓಡುವುದನ್ನು ದಯವಿಟ್ಟು ಕಲ್ಪಿಸಿಕೊಳ್ಳಬೇಡಿ.)

ಎಮ್ಮೆ ಉಳಿಯಿತು. ಕರು ಉಳಿಯಲಿಲ್ಲ.

ಎಮ್ಮೆಯ ಯಜಮಾನ ಒಂದು ಕೆಟ್ಟ ಮಾತೂ ಆಡಲಿಲ್ಲ. ಕೈ ತೊಳೆಯಲು ಬಿಸಿನೀರು ಕೊಟ್ಟ. "ಇನ್ನೊಂಚೂರು ಮೊದ್ಲು ಬಂದಿದ್ರೆ, ಡಾಕ್ಟರಮ್ಮಾ..." ಎಂದು ಅರ್ಧಕ್ಕೆ ನಿಲ್ಲಿಸಿದ. ಬೈದಿದ್ದರೆ ಚೆನ್ನಾಗಿತ್ತು. ವಾಪಸ್ ಏರಿಯ ಮೇಲೆ ಗಾಡಿ ತಳ್ಳಿಕೊಂಡು ಬರುವಾಗ ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು ಬಂತು.

ಮನೆಗೆ ಬಂದರೆ ಗಂಡ ಮಹಾಂತೇಶ ಹೈಸ್ಕೂಲಿನ ಪೇಪರ್ ತಿದ್ದುತ್ತ ಕೂತಿದ್ದರು. ತಲೆ ಎತ್ತದೆಯೇ ತೀರ್ಪು ಕೊಟ್ಟರು.

"ಮಾರಿಬಿಡೂಣು. ಒಂದು ಸ್ಕೂಟಿ ತಗೊಂಡು ಆರಾಮ ಅಡ್ಡಾಡು."

ಸ್ಕೂಟಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ನವಲಿ ಕಡೆಯ ಕಲ್ಲುದಾರಿಯಲ್ಲಿ ಕುರಿಹಟ್ಟಿಗೆ ಹೋಗಬೇಕಾದಾಗ ಅದರ ಪುಟ್ಟ ಗಾಲಿಗಳು ಏನು ಮಾಡುತ್ತವೆ? ಜೀಪು ಏರಿಯ ಮೇಲೆ ತಿರುಗುವುದಿಲ್ಲ, ಸ್ಕೂಟಿ ಗುಡ್ಡ ಹತ್ತುವುದಿಲ್ಲ. ನನ್ನ ಕೆಲಸಕ್ಕೆ ಈ ಎತ್ತರದ ಗಾಡಿಯೇ ಕಾಲು. ಅದನ್ನು ಬಿಟ್ಟರೆ ನಾನು ಆಸ್ಪತ್ರೆಯ ಕುರ್ಚಿಯ ಮೇಲೆ ಕೂತು, ಹತ್ತಿರದ ದನಗಳಿಗೆ ಮಾತ್ರ ಡಾಕ್ಟರು.

ಮಹಾಂತೇಶರು ಗಿರಾಕಿಯನ್ನೂ ಹುಡುಕಿಟ್ಟಿದ್ದರು. ಕಾರಟಗಿಯ ಗೊಬ್ಬರದಂಗಡಿಯವನಂತೆ, ಭಾನುವಾರ ನೋಡಲು ಬರುತ್ತಾನಂತೆ. ನಾನೂ ರೇಗಿದ ಬಾಯಲ್ಲಿ ಹೇಳಿಬಿಟ್ಟೆ: ಭಾನುವಾರದೊಳಗೆ ಗಾಡಿ ನೆಟ್ಟಗಾದರೆ ನನ್ನದು, ಇಲ್ಲದಿದ್ದರೆ ಅವನದು.

ಹೇಳಿದ ಮೇಲೆ ಮುಗಿಯಿತಲ್ಲ. ಮಾತು ಹೋಯಿತು, ವಾರವೊಂದೇ ಉಳಿಯಿತು.

ಗಾಡಿಯ ಕಥೆ ಸ್ವಲ್ಪ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್. ನನಗಿಂತ ಮೊದಲು ಅದನ್ನು ಓಡಿಸಿದ ಶೋಕಿಲಾಲ, ಕಂಪನಿಯ ಸೈಲೆನ್ಸರ್ ಕಿತ್ತು ಬೇರೆಯದು ಹಾಕಿದ್ದ. ಗಾಳಿ ಎಳೆಯುವ ಫಿಲ್ಟರಿನ ಡಬ್ಬಿ ಬಿಸಾಕಿ ಬರಿಯ ಫಿಲ್ಟರ್ ಸಿಕ್ಕಿಸಿದ್ದ. ಹೀಗಾಗಿ ಇಂಜಿನ್ನಿಗೆ ಗಾಳಿ ಧಾರಾಳ. ಪೆಟ್ರೋಲ್ ಅಳೆದು ಚಿಮ್ಮಿಸುವ ಒಳಗಿನ ಕಂಪ್ಯೂಟರಿಗೆ ಮಾತ್ರ ಈ ಸುದ್ದಿ ಗೊತ್ತಿಲ್ಲ. ಅದು ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಬಡಿಸುತ್ತಿದೆ. ಬೀಗರು ಬಂದು ಕೂತಿದ್ದಾರೆ, ಅಡುಗೆ ಮಾತ್ರ ಮನೆಮಂದಿಗಷ್ಟೇ ಆಗಿದೆ. ಕೆಮ್ಮದೆ ಏನು ಮಾಡೀತು?

ಮೊದಲು ಕರೆದದ್ದು ನಮ್ಮ ಓಣಿಯ ಮೆಹಬೂಬ್ ಚಾಚಾನನ್ನು. ಕಾರ್ಬುರೇಟರ್ ಕಾಲದ ಮೆಕ್ಯಾನಿಕ್. ಸ್ಕ್ರೂಡ್ರೈವರ್ ಹಿಡಿದು ಇಂಜಿನ್ ಸುತ್ತ ಪ್ರದಕ್ಷಿಣೆ ಹಾಕಿದ. ಬಗ್ಗಿ ನೋಡಿದ. ಮಲಗಿ ನೋಡಿದ. ಕೊನೆಗೆ ಮೋಸ ಹೋದವನ ದನಿಯಲ್ಲಿ ಕೇಳಿದ:

"ಡಾಕ್ಟರಮ್ಮ, ಇದಕ್ಕ ತಿರುವೋ ಸ್ಕ್ರೂನ ಇಲ್ಲಲ್ರೀ?"

"ಇಲ್ಲ ಚಾಚಾ. ಇದಕ್ಕ ಲ್ಯಾಪ್‌ಟಾಪ್ ಹಚ್ಚಬೇಕು."

"ಲ್ಯಾಪ್‌ಟಾಪಾ? ಯಾ ಅಲ್ಲಾ! ಗಾಡಿಗೂ ಸಾಲಿ ಕಲಿಸ್ತಾರೇನ್ರೀ ಈಗ?"

ನಗಬೇಡಿ. ಹೆಚ್ಚುಕಡಿಮೆ ಅದನ್ನೇ ಮಾಡಬೇಕಿತ್ತು. ಕಂಪ್ಯೂಟರ್ ಕೊಡುವ ಪೆಟ್ರೋಲನ್ನು ನಮಗೆ ಬೇಕಾದಂತೆ ಹೆಚ್ಚುಕಮ್ಮಿ ಮಾಡುವ ಸಣ್ಣದೊಂದು ಡಬ್ಬಿಯನ್ನು ಹಿಂದೆಯೇ ತರಿಸಿದ್ದೆ. ತರಿಸಿ, ಹೆದರಿ, ಕಪಾಟಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೆ. ಈಗ ಅದು ಹೊರಗೆ ಬಂತು. ಚಾಚಾ ಸೈಲೆನ್ಸರ್ ಪೈಪಿಗೆ ತೂತು ಕೊರೆದು ಸೆನ್ಸರ್ ಕೂರಿಸಿದ. ಸುಟ್ಟ ಹೊಗೆಯನ್ನು ಮೂಸಿ, ಗಾಳಿಗೆ ಪೆಟ್ರೋಲ್ ಸಾಕಾಯಿತೋ ಇಲ್ಲವೋ ಹೇಳುವ ಸೆನ್ಸರ್ ಅದು. ಗಾಡಿ ಓಡಿದಷ್ಟು ಹೊತ್ತೂ ಡಬ್ಬಿ ಎಲ್ಲವನ್ನೂ ದಾಖಲಿಸುತ್ತದೆ. ಇಂಜಿನ್ ಎಷ್ಟು ಜೋರಾಗಿ ತಿರುಗಿತು, ನಾನು ಆಕ್ಸಿಲೇಟರ್ ಎಷ್ಟು ತೆರೆದೆ, ಆಗ ಹೊಗೆ ಏನು ಹೇಳಿತು. ಮನೆಗೆ ಬಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಸಾಫ್ಟ್‌ವೇರು ಅದನ್ನೆಲ್ಲ ಬಣ್ಣದ ಗೆರೆಗಳಲ್ಲಿ ಬಿಡಿಸಿ ತೋರಿಸುತ್ತದೆ.

ಇದೆಲ್ಲ ನಡೆಯುವಾಗ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತ ನೋಡುತ್ತಿದ್ದವರು ನಮ್ಮ ಅತ್ತೆ, ಗೌರಮ್ಮ. ಅವರಿಗೆ ಉಬ್ಬಸ. ನಮ್ಮಲ್ಲಿ ಅದಕ್ಕೆ ದಮ್ಮು ಅನ್ನುತ್ತಾರೆ. ನಮ್ಮ ಮನೆ ಇರುವುದು ಅಕ್ಕಿ ಗಿರಣಿಗಳ ಬೆನ್ನಿಗೆ. ಸುಗ್ಗಿಯಲ್ಲಿ ಹೊಟ್ಟಿನ ಧೂಳು ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತದೆ, ಎದೆಯೊಳಗೂ ಕೂರುತ್ತದೆ. ಡಾಕ್ಟರು ಬರೆದುಕೊಟ್ಟ ಇನ್‌ಹೇಲರ್ ಪಂಪು ಅತ್ತೆಯ ದಿಂಬಿನ ಕೆಳಗೆ ನಿದ್ದೆ ಮಾಡುತ್ತದೆ. "ಒಮ್ಮಿ ಹಚ್ಚಿಕೊಂಡ್ರ ಬಿಡೂದಿಲ್ಲದು" ಎಂಬುದು ಅವರ ವಾದ. ಗಿರಣಿ ಶುರುವಾದರೆ ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಳ್ಳುತ್ತಾರೆ. ಅವರ ಪಾಲಿಗೆ ಅದೇ ಔಷಧ.

"ಅದಕ್ಕೇನಾಗೇತಿ ಯವ್ವಾ?" ಎಂದು ಕೇಳಿದರು.

ನಾನು ತಮಾಷೆಗೆ, "ಅದಕ್ಕೂ ನಿಮ್ಮಂಗ ದಮ್ಮು ಬಂದೈತ್ರಿ ಅತ್ತಿ" ಅಂದೆ. ಗಾಡಿಯ ಪಕ್ಕದ ಮುಚ್ಚಳ ಎಳೆದು ಫಿಲ್ಟರ್ ತೋರಿಸಿ, "ನೋಡ್ರಿ, ಇದ ಅದರ ಮೂಗು" ಅಂತಲೂ ಸೇರಿಸಿದೆ.

ಅತ್ತೆ ನಗಲಿಲ್ಲ. "ಪಾಪ" ಅಂದರು.

ಸೋಮವಾರದಿಂದ ಶುರು. ಡ್ಯೂಟಿಗೆ ಹೋಗುವ ಬರುವ ದಾರಿಯೇ ನನ್ನ ಪ್ರಯೋಗಶಾಲೆ. ಸಂಜೆ ಗೆರೆಗಳ ಮುಂದೆ ಕೂರುವುದು. ಸ್ಕ್ರೀನಿನ ಮೇಲೆ ಚೌಕ ಚೌಕದ ಒಂದು ಕೋಷ್ಟಕ. ಇಷ್ಟು ಆಕ್ಸಿಲೇಟರ್, ಇಷ್ಟು ವೇಗ ಇದ್ದಾಗ ಇಷ್ಟು ಪೆಟ್ರೋಲ್ ಎಂದು ಒಂದೊಂದು ಚೌಕದಲ್ಲೂ ಒಂದೊಂದು ಅಂಕಿ. ಆಕ್ಸಿಲೇಟರ್ ಅರ್ಧ ತೆರೆದ ಕಡೆಯಲ್ಲೆಲ್ಲ ಇಂಜಿನ್ ಉಪವಾಸ ಇತ್ತು. ಅಲ್ಲಿ ಒಂಚೂರು ಹೆಚ್ಚಿಸಿದೆ. ಮರುದಿನ ಓಡಿಸಿದೆ, ನೋಡಿದೆ. ಇನ್ನೊಂಚೂರು. ಮತ್ತೆ ಓಡಿಸಿದೆ.

ನನಗಿದು ಹೊಸ ವಿದ್ಯೆಯೇ ಅಲ್ಲ ಅನ್ನಿಸಿತು. ನನ್ನ ರೋಗಿಗಳ್ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಜಮಾನ "ನಿನ್ನೆಯಿಂದ ಮೇವು ಮುಟ್ಟಿಲ್ರಿ" ಅನ್ನುತ್ತಾನೆ. ಆಕಳ ಹೊಟ್ಟೆ ನೋಡಿದರೆ ಅದು ಬಹಳ ಮೊದಲಿನ ಕಥೆ. ಹೇಳಿದ್ದನ್ನು ಕೇಳಿಸಿಕೊಂಡು, ಕಂಡದ್ದನ್ನು ನಂಬುವುದು ನಮ್ಮ ಕಸುಬು.

ಆದರೆ ಸಲಹೆ ಕೊಡುವವರಿಗೆ ಕೊರತೆಯೇ? ಕುಷ್ಟಗಿಯಿಂದ ತಮ್ಮ ಫೋನ್ ಮಾಡಿ ಪ್ಲಗ್ ಬದಲಿಸು ಅಂದ. ಯಲಬುರ್ಗಾದ ಚಿಕ್ಕಪ್ಪ ಬಂಕ್ ಬದಲಿಸು ಅಂದರು. ಮಹಾಂತೇಶರು ಗಾಡಿಯನ್ನೇ ಬದಲಿಸು ಅಂದರು. ಯಾವುದನ್ನೂ ಬದಲಿಸಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಪಟ್ಟು ಹಿಡಿದು ಕೂತೆ.

ನಮ್ಮ ಮನೆಗಳಲ್ಲಿ ಯಾವತ್ತಾದರೂ ಹೀಗೆ ಮಾಡಿದ್ದೇವಾ? ಮಗನಿಗೆ ಮಾರ್ಕ್ಸ್ ಕಮ್ಮಿ ಬಂದರೆ ಅದೇ ವಾರ ಟ್ಯೂಷನ್ ಬದಲು, ಹಾಲಿಗೆ ಹಾಕುವ ಪುಡಿ ಬದಲು, ಮಲಗುವ ದಿಕ್ಕು ಬದಲು, ಮೇಲೊಂದು ಹರಕೆ. ಮುಂದಿನ ಪರೀಕ್ಷೆಯಲ್ಲಿ ಪಾಸಾದರೆ ಯಾವುದರಿಂದ ಪಾಸಾದ? ದೇವರಿಗೂ ಗೊತ್ತಿರುವುದಿಲ್ಲ, ಸುಮ್ಮನೆ ಕಾಯಿ ಒಡೆಸಿಕೊಳ್ಳುತ್ತಾನೆ. ಸಿಟ್ಟು ಬಂದಾಗ ಎಲ್ಲವನ್ನೂ ಒಟ್ಟಿಗೆ ತಿರುವಿಬಿಡುವುದು ನಮಗೆ ರೂಢಿ. ನನಗೂ ಆ ವಾರ ಕೈ ಕಡಿಯುತ್ತಿತ್ತು. ತಡೆದುಕೊಂಡೆ.

ಶುಕ್ರವಾರ ಗಾಡಿ ಹಾಲು ಕುಡಿದಷ್ಟು ಮೆತ್ತಗೆ ಓಡಿತು. ಅದೇ ಏರಿ, ಅದೇ ಕ್ಯಾಂಪಿನ ತಿರುವು. ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ. ಹೆಲ್ಮೆಟ್ಟಿನೊಳಗೆ ನಾನೊಬ್ಬಳೇ ಕೂಗಾಡಿದೆ. ಮನೆಗೆ ಬಂದು ಗಂಡನಿಗೆ, "ಕಾರಟಗಿಯವರಿಗೆ ಬರಬ್ಯಾಡ್ರಿ ಅಂತ ಹೇಳ್ರಿ" ಅಂದೆ.

ಶನಿವಾರ ಬೆಳಿಗ್ಗೆ ಗಾಡಿ ಹೊರಟಿತು, ಓಣಿ ದಾಟಿತು, ದೊಡ್ಡ ರಸ್ತೆಯಲ್ಲಿ ಆಕ್ಸಿಲೇಟರ್ ಪೂರ್ತಿ ತಿರುವಿದೆ. ಗೊರ್‌ ಎಂದು ಉಸಿರು ಕಟ್ಟಿದಂತೆ ಎಳೆದಾಡಿ, ಹಿಂದಿನಿಂದ ಕಪ್ಪು ಹೊಗೆ ಬಿಟ್ಟು, ಸೋತು ನಿಂತಿತು.

ಮಾಡಿದ್ದೆಲ್ಲ ನೀರಲ್ಲಿ ಹೋಮ!

ಮನೆಗೆ ತಳ್ಳಿಕೊಂಡು ಬಂದೆ. ಲ್ಯಾಪ್‌ಟಾಪ್ ಬಿಚ್ಚಿದೆ. ಮೊನ್ನೆಯವರೆಗೆ ಪೆಟ್ರೋಲ್ ಸಾಲದೆ ಸಾಯುತ್ತಿದ್ದ ಇಂಜಿನ್ ಇವತ್ತು ಪೆಟ್ರೋಲ್ ಹೆಚ್ಚಾಗಿ ಮುಳುಗಿದೆ. ಮಹಾಂತೇಶರು ಬಾಗಿಲಲ್ಲಿ ನಿಂತು, "ಅಂವಗ ಬಾ ಅಂತ ಹೇಳ್ಲಿ?" ಎಂದು ಕೇಳಿದರು. ಮೆಲ್ಲಗೇ ಕೇಳಿದರು. ಅದು ಇನ್ನೂ ಉರಿ. ಎಲ್ಲ ಚೌಕಗಳಲ್ಲೂ ಪೆಟ್ರೋಲ್ ಕಡಿಮೆ ಮಾಡಿಬಿಡಲು ಬೆರಳು ಕೀಬೋರ್ಡಿನ ಮೇಲೆ ಹೋಗಿತ್ತು.

ಹೋದ ಬೆರಳನ್ನು ವಾಪಸ್ ತೆಗೆದೆ. ಶುಕ್ರವಾರದ ಗೆರೆಗಳನ್ನೂ ಶನಿವಾರದ ಗೆರೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಅಂಕಿಗಳು ಅವೇ. ಡಬ್ಬಿ ಕೊಟ್ಟ ಪೆಟ್ರೋಲೂ ಅಷ್ಟೇ. ಹಾಗಾದರೆ ಬದಲಾದದ್ದು ಪೆಟ್ರೋಲಲ್ಲ. ಗಾಳಿ. ಯಾರೋ ಇದರ ಗಾಳಿ ಕಟ್ಟಿದ್ದಾರೆ. ನಿನ್ನೆ ಸಂಜೆಗೂ ಇವತ್ತು ಬೆಳಿಗ್ಗೆಗೂ ನಡುವೆ, ನಮ್ಮ ಅಂಗಳದಲ್ಲೇ.

ಎದ್ದು ಹೋಗಿ ಪಕ್ಕದ ಮುಚ್ಚಳ ಎಳೆದೆ.

ಹಳೆಯ ಇಳಕಲ್ ಸೀರೆಯ ತುಂಡು! ಕೆಂಪು ಸೆರಗಿನ ಮೆತ್ತನೆಯ ಬಟ್ಟೆ. ನಾಲ್ಕು ಮಡಿಕೆ ಮಾಡಿ, ಫಿಲ್ಟರಿನ ಸುತ್ತ ಸುತ್ತಿ, ದಾರದಿಂದ ಎಷ್ಟು ಜೋಪಾನವಾಗಿ ಕಟ್ಟಿತ್ತೆಂದರೆ, ಕೂಸಿಗೆ ಕುಲಾವಿ ಕಟ್ಟಿದ ಹಾಗೆ.

"ಅತ್ತೀ!"

"ಯಾಕಬೇ, ಬಿಚ್ಚಬ್ಯಾಡ ಅದನ್ನ!" ಅತ್ತೆ ಪಡಸಾಲೆಯಿಂದ ಎದ್ದೇ ಬಂದರು. "ನಿನ್ನಿಯಿಂದ ಗಿರಣಿ ಧೂಳ ಭಾಳ ಆಗೇತಿ. ದಮ್ಮು ಅಂತ ನೀನ ಅಂದ್ಯಲ್ಲ. ಮೂಗೂ ನೀನ ತೋರಿಸಿದಿ. ಅದಕ್ಕ ಅರಿಬಿ ಕಟ್ಟೀನಿ. ಬಾಯಿಲ್ಲದ್ದು ಪಾಪ, ಧೂಳ ಕುಡೀಬಾರದು."

ಬೈಯಬೇಕೆಂದು ಬಾಯಿ ತೆರೆದವಳು ಕೈಯಲ್ಲಿದ್ದ ಬಟ್ಟೆ ನೋಡಿದೆ. ಒಂದೇ ರಾತ್ರಿ, ಒಂದೇ ಸಣ್ಣ ಸವಾರಿ. ಕೆಂಪು ಸೆರಗು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಬೆರಳಾಡಿಸಿದರೆ ಹೊಟ್ಟಿನ ನುಣ್ಣನೆಯ ಪುಡಿ. ಬಟ್ಟೆ ಇರದಿದ್ದರೆ ಇದರಲ್ಲಿ ಅಷ್ಟಿಷ್ಟು ಇಂಜಿನ್ನಿನೊಳಗೆ ಹೋಗುತ್ತಿತ್ತು. ಇದರಲ್ಲಿ ಅಷ್ಟಿಷ್ಟು ಈ ಹೆಂಗಸಿನ ಎದೆಯೊಳಗೆ ಹೋಗುತ್ತಲೇ ಇದೆ. ನನಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು.

"ಅತ್ತಿ, ನಾಲ್ಕು ಮಡಿಕೆ ಕಟ್ಟಿದ್ರ ಧೂಳೂ ಹೋಗಂಗಿಲ್ಲ, ಗಾಳೀನೂ ಹೋಗಂಗಿಲ್ರಿ."

"ಹೌದನ? ನನಗೂ ಹಂಗ ಆಕ್ಕೈತಿ" ಅಂದರು, ತಮ್ಮ ಸೆರಗು ಮುಟ್ಟಿಕೊಂಡು.

ಅಲ್ಲೇ ಒಪ್ಪಂದವಾಯಿತು. ಗಾಡಿಗೆ ಧೂಳು ತಡೆಯುವ, ಗಾಳಿ ಬಿಡುವ ಸರಿಯಾದ ಕವರ್ ಹಾಕುತ್ತೇನೆ. ಹಾಕಿ ಗಾಡಿ ನೆಟ್ಟಗೆ ಓಡಿದರೆ ಅತ್ತೆ ದಿಂಬಿನ ಕೆಳಗಿನ ಪಂಪು ಹೊರಗೆ ತೆಗೆಯಬೇಕು. "ಮೊದ್ಲ ಅದು ಓಡ್ಲಿ" ಅಂದರು ಅತ್ತೆ. ಎಂಥ ಕಿಲಾಡಿ!

ಚಾಚಾ ಪೇಟೆಯೆಲ್ಲ ಸುತ್ತಿ ಸ್ಪಂಜಿನ ಕವರ್ ತಂದ. ಅದನ್ನು ಹಾಕಿದ ಮೇಲೆ ಗಾಳಿಯ ಲೆಕ್ಕ ಮತ್ತೆ ಒಂಚೂರು ಬದಲು. ಶನಿವಾರ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕನಕಗಿರಿ ರಸ್ತೆಯಲ್ಲಿ ಹೋದೆ, ಬಂದೆ, ಗೆರೆ ನೋಡಿದೆ, ಅಂಕಿ ತಿದ್ದಿದೆ. ರಸ್ತೆ ಬದಿ ಚಹಾದಂಗಡಿಯವನು ನನಗೇನೋ ಕಳೆದುಹೋಗಿದೆ ಅಂದುಕೊಂಡು ತಾನೂ ಹುಡುಕತೊಡಗಿದ. ಮನೆಗೆ ಬರುವಾಗ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ.

ಅತ್ತೆ ಮಾತಿಗೆ ತಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಪಂಪು ಹಿಡಿದು, ಬೇವಿನ ಕಷಾಯ ಕುಡಿಯುವ ಮುಖ ಮಾಡಿ, ಎಳೆದರು.

ಹೊತ್ತೇರಿದ ಮೇಲೆ ಕಾರಟಗಿಯವನು ಬಂದೇಬಿಟ್ಟ. (ಶುಕ್ರವಾರ ಬರಬೇಡ ಎಂದು ಹೇಳಲು ನಮ್ಮ ಮಾಸ್ತರರು ಮರೆತಿದ್ದರಂತೆ.) ಬಂದವನಿಗೆ ಒಂದು ಸುತ್ತು ಹೊಡೆಯಲು ಕೊಡದಿದ್ದರೆ ಹೇಗೆ? ಕೊಟ್ಟೆವು. ಹೋದವನು ಮುಖ ಅರಳಿಸಿಕೊಂಡು ವಾಪಸ್ ಬಂದ. ಕೀಲಿ ಮಹಾಂತೇಶರ ಕಿಸೆ ಸೇರಿತು.

"ಏನ್ ದಮ್ಮೈತ್ರೀ ಮೇಡಂ ಗಾಡಿಗೆ!"

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಉಬ್ಬಸವೂ ದಮ್ಮೇ, ತಾಕತ್ತೂ ದಮ್ಮೇ. ಅವನು ಹೇಳಿದ್ದು ಎರಡನೆಯದು. ಪಡಸಾಲೆಯಲ್ಲಿದ್ದ ಅತ್ತೆಗೆ ಕೇಳಿಸಿದ್ದು ಮೊದಲನೆಯದು.

"ಹೌದಪಾ, ಭಾಳ ದಮ್ಮೈತಿ ಅದಕ್ಕ" ಎಂದು ಅಲ್ಲಿಂದಲೇ ಕೂಗಿದರು.

"ದಮ್ಮಿದ್ದದ್ದ ಬೇಕ್ರಿ ಅಮ್ಮಾರ ನನಗ!" ಅಂದ ಅವನು. ಮಹಾಂತೇಶರ ಕಡೆ ತಿರುಗಿ, "ಸರ್, ನೀವು ಹೇಳಿದ್ದಕ್ಕಿಂತ ಹೆಚ್ಚ ಕೊಡ್ತೀನಿ. ಕೀಲಿ ಕೊಡ್ರಿ" ಎಂದು ಕೈ ಚಾಚಿದ.

ನೆಟ್ಟಗಾದರೆ ನನ್ನದು ಎಂದು ಮಾತಾಗಿತ್ತಲ್ಲ? ಮಾತೇನೋ ಆಗಿತ್ತು. ಆದರೆ ಹೆಚ್ಚು ಕೊಡುತ್ತೇನೆ ಅಂದಾಗ ಎಂಥ ಮಾಸ್ತರರ ಮುಖದ ಮೇಲೂ ಒಂದು ಗಳಿಗೆ ಲೆಕ್ಕದ ಪಾಠ ಓಡುತ್ತದೆ. ನನ್ನ ಗಂಡ ನನ್ನ ಮುಖ ನೋಡಿದರು. ಅವನ ಕೈ ನೋಡಿದರು. ಕಿಸೆಯಲ್ಲಿದ್ದ ಕೀಲಿ ಸಣ್ಣಗೆ ಸದ್ದು ಮಾಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ, ಅಕ್ಕಿಯ ಮೊರ ಬದಿಗಿಟ್ಟು, ಅತ್ತೆ ಎದ್ದು ಬಂದು ಮಗನ ಎದುರು ನಿಂತರು.

"ದಮ್ಮು ಬಂದೈತಂತ ಅದನ್ನ ಮಾರತೀಯೇನೋ ಮಾಂತ್ಯಾ? ಹಂಗಾರ ನನ್ನ ಯಾವ ಸಂತಿಗೆ ಹೊಡಕೊಂಡು ಹೋಗಾಂವ?"