ಮೆಣಸಿನೂರಿನ ಸುಳ್ಳು ಮೀನು

ಬ್ಯಾಡಗಿಯಲ್ಲಿ ಸೀನನ್ನು ಯಾರೂ ಅಪಶಕುನವೆಂದು ಎಣಿಸುವುದಿಲ್ಲ. ಎಣಿಸಿದರೆ ಸುಗ್ಗಿಯ ತಿಂಗಳುಗಳಲ್ಲಿ ಯಾರೂ ಹೊಸ್ತಿಲು ದಾಟುವಂತೆಯೇ ಇಲ್ಲ. ಮೆಣಸಿನಕಾಯಿ ಚೀಲಗಳು ಮಾರುಕಟ್ಟೆಗೆ ಬಂದಿಳಿಯುವ ಕಾಲಕ್ಕೆ ಇಲ್ಲಿ ವರನೂ ಸೀನುತ್ತಾನೆ, ಪುರೋಹಿತರೂ ಸೀನುತ್ತಾರೆ, ಅಂತರಪಟ ಹಿಡಿದವರು ‘ಸಾವಧಾನ’ದ ನಡುವೆಯೇ ಸೀನಿ ಮುಗಿಸುತ್ತಾರೆ, ಅದರಿಂದ ಯಾವ ದಾಂಪತ್ಯವೂ ಕೆಟ್ಟಂತೆ ನಾನು ಕೇಳಿಲ್ಲ. ಕೆಲವು ಕಾಲ ಇಲ್ಲಿದ್ದರೆ ಸೀನೂ ನಿಂತುಹೋಗುತ್ತದೆ. ಘಾಟು ಇರುತ್ತದೆ, ಮೂಗು ಮಾತ್ರ ಅದನ್ನು ವರದಿ ಮಾಡುವುದನ್ನು ಬಿಟ್ಟುಬಿಡುತ್ತದೆ. ಈ ಔದಾಸೀನ್ಯ ಎಷ್ಟು ಅಪಾಯಕಾರಿ ಎಂಬುದನ್ನು ನನಗೆ ಕಲಿಸಿದ್ದು ಮೀನು. ಅದೂ ಮೀನು ತಿನ್ನದ, ಜೀವಂತ ಮೀನು ಕಂಡರೆ ಕೈ ಹಿಂದಕ್ಕೆಳೆದುಕೊಳ್ಳುವ, ಪ್ರೌಢಶಾಲೆಯ ಕನ್ನಡ ಮಾಸ್ತರನಾದ ನನಗೆ.

ಆಗ ಎಂಬತ್ತರ ದಶಕ ಮುಗಿಯುತ್ತಿತ್ತು. ನಮ್ಮ ಎದುರು ಮನೆಯಲ್ಲಿ ಖಾದರಭಾಯಿ ಎಂಬ ದರ್ಜಿಗಳಿದ್ದರು. ಅವರಿಗೆ ಎರಡೇ ಹುಚ್ಚು: ಆರು ದಿನ ಹೊಲಿಗೆ, ಏಳನೆಯ ದಿನ ಗಾಳ. ರಜೆಯ ಬೆಳಗ್ಗೆ ಬಿದಿರಿನ ಕೋಲು ಹಿಡಿದು, ಹಾವೇರಿಯಲ್ಲಿ ಬಸ್ಸು ಬದಲಿಸಿ ಗಳಗನಾಥಕ್ಕೆ ಹೋಗಿ, ವರದೆ ತುಂಗಭದ್ರೆಯನ್ನು ಕೂಡುವ ಕಡೆ ಕೂತುಬಿಡುವರು. ಜೀವಂತ ಮರಿಮೀನನ್ನು ಕೊಕ್ಕೆಗೆ ಚುಚ್ಚಿ ನೀರಿಗೆ ಬಿಟ್ಟರೆ ಬಾಳೆಮೀನು ಬಂದು ಕಚ್ಚುತ್ತಿತ್ತಂತೆ. ಹೆಸರು ಬಾಳೆಯಾದರೂ ಅದು ಶುದ್ಧ ಮಾಂಸಾಹಾರಿ. ಸದಾ ಹಸಿದ ಬಾಯಿ.

ಒಂದು ಮುಂಜಾನೆ ಅವರಿಗೆ ಲಕ್ವಾ ಹೊಡೆಯಿತು. ಕಾಲು ಬೇಗ ಸುಧಾರಿಸಿತು, ಬಲಗೈ ಸುಧಾರಿಸಲಿಲ್ಲ. ಹೊಲಿಗೆಯ ಮಷಿನ್ನಿಗೆ ಬಟ್ಟೆ ಹೊದಿಸಿದರು, ಗಾಳದ ಕೋಲು ಅಟ್ಟ ಸೇರಿತು, ಮಾತಾಡುವ ಮನಸ್ಸೂ ಅದರ ಹಿಂದೆಯೇ ಹೋಯಿತು. ನಾನೇ ಅವರನ್ನು ರಾಣೆಬೆನ್ನೂರಿನ ಡಾಕ್ಟರರ ಬಳಿ ಕರೆದೊಯ್ದಿದ್ದೆ. “ಎಡಗೈಗಾದ್ರೂ ಕೆಲಸಾ ಕೊಡ್ರಿ. ಹಿಂಗ ಕುಂತ್ರ ಅದೂ ಮರತುಬಿಡತೈತಿ,” ಎಂದರು ಡಾಕ್ಟರು. ನದಿಗೆ ಹೋಗೋಣವೆಂದು ನಾನು ಗೋಗರೆದೆ. ಖಾದರಭಾಯಿ ನನ್ನನ್ನೊಮ್ಮೆ ದಿಟ್ಟಿಸಿದರು.

“ಮಾಸ್ತರ, ಎಡಗೈಲೆ ಕೋಲು ಹಿಡಿದೇನು. ಒದ್ದಾಡೋ ಮೀನಾ ಕೊಕ್ಕಿಗೆ ಚುಚ್ಚವರ್ಯಾರು? ನೀವೇನು?”

ಆ ಮನುಷ್ಯ ನನ್ನ ಕಣ್ಣೆದುರೇ ಆರಿಹೋಗುತ್ತಿದ್ದರು. ನನಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

ಅದೇ ದಿನ ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಗಾಡಿ ಕಾಯುವಾಗ, ಹಳೆಯ ಪುಸ್ತಕ ಮಾರುವವನ ರಾಶಿಯಲ್ಲಿ ರಟ್ಟು ಹರಿದ ಒಂದು ಇಂಗ್ಲಿಷ್ ಪತ್ರಿಕೆ ಕೈಗೆ ಬಂತು. ಅದರಲ್ಲಿದ್ದ ಚಿತ್ರಗಳನ್ನು ನೋಡಿ ಗಾಡಿ ಬಂದದ್ದೂ ತಿಳಿಯಲಿಲ್ಲ. ತಣ್ಣೀರ ಹೊಳೆಗಳ ದೇಶದಲ್ಲಿ ಟ್ರೌಟ್ ಎಂಬ ಮೀನು ಹಿಡಿಯಲು ಜನ ಕೊಕ್ಕೆಗೆ ಗರಿ, ಕೂದಲು, ಹೊಳೆಯುವ ಎಳೆ ಕಟ್ಟಿ ಸುಳ್ಳು ಮರಿಮೀನು ಮಾಡುತ್ತಾರಂತೆ. ನೀರಿನಲ್ಲಿ ಎಳೆದರೆ ಅದು ಈಜಿದಂತೆಯೇ ಕಾಣುತ್ತದಂತೆ. ಟ್ರೌಟ್ ಮೋಸಹೋಗುವುದಾದರೆ ನಮ್ಮ ಬಾಳೆಮೀನೇನು ಹೆಚ್ಚು ಓದಿಕೊಂಡಿದೆಯೇ? ಅಂಗಿಯ ಗುಂಡಿ ಹಚ್ಚಿಕೊಳ್ಳಲೂ ಬಾರದ ನಾನು, ಕಟ್ಟಿಯೇ ತೀರುವೆನೆಂದು ನಿಶ್ಚಯಿಸಿದೆ.

ಸಾಮಗ್ರಿ ಸಂಗ್ರಹ ಸುಲಭವಾಯಿತು. ಆಡಿನ ಬಾಲದ ಕೂದಲು, ಖಾದರಭಾಯಿಯ ಮನೆಯ ಹುಂಜದ ಗರಿ, ಬೆನ್ನಿಗೆ ಕೆಟ್ಟ ಕ್ಯಾಸೆಟ್ಟಿನ ರೀಲು, ಹೊಟ್ಟೆಗೆ ನನ್ನ ಹೆಂಡತಿಯ ಹಳೆಯ ಸೀರೆಯ ಜರಿ. ಕಟ್ಟುವುದು ಮಾತ್ರ ಸುಲಭವಾಗಲಿಲ್ಲ. ಮೊದಲನೆಯದು ಬಿಚ್ಚಿಹೋಯಿತು, ಎರಡನೆಯದು ನನ್ನ ಹೆಬ್ಬೆರಳನ್ನೇ ಹಿಡಿಯಿತು, ಮೂರನೆಯದನ್ನು ಬೆಕ್ಕು ಒಯ್ದಿತು. ಬೆಕ್ಕು ಮೋಸಹೋದದ್ದನ್ನು ನಾನು ಪ್ರಗತಿಯೆಂದು ಪರಿಗಣಿಸಿದೆ.

“ತಿನ್ನೂದಿಲ್ಲ, ಮುಟ್ಟೂದಿಲ್ಲ. ಮತ್ಯಾಕ್ರಿ ಈ ಮೀನಿನ ಬಾಣಂತನ?” ಎಂದಳು ಹೆಂಡತಿ. ಆದರೂ ಜರಿಯನ್ನು ಎಳೆಎಳೆಯಾಗಿ ಬಿಡಿಸಿಕೊಟ್ಟವಳು ಅವಳೇ.

ಚಿತ್ರದ ಮೀನಿಗೆ ಕೊರಳಲ್ಲಿ ಚೂರು ಕೆಂಪಿತ್ತು. ಕೆಂಪಿಗಾಗಿ ಬ್ಯಾಡಗಿಯವನು ಅಂಗಡಿಗೆ ಹೋಗುವುದುಂಟೇ? ಜಗತ್ತಿಗೇ ಬಣ್ಣ ಕಳಿಸುವ ಊರಿನ ಅಭಿಮಾನ ನನ್ನಲ್ಲಿ ಉಕ್ಕಿತು. ಒಳ್ಳೆಯ ಕಡ್ಡಿ ಮೆಣಸಿನಕಾಯಿ ಕುದಿಸಿ, ಅದರಲ್ಲಿ ಗರಿ ಅದ್ದಿ, ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಗಳ ಪಕ್ಕದಲ್ಲೇ ಒಣಗಿಸಿದೆ. ಎಂಥ ಕೆಂಪು! ಮೀನಲ್ಲದ ನನಗೇ ಕಚ್ಚಬೇಕೆನಿಸಿತು.

ಹೀಗೆ ಸಿದ್ಧವಾದ ನಾಲ್ಕು ಸುಳ್ಳು ಮೀನುಗಳನ್ನು ತೋರಿಸಿ, “ಚುಚ್ಚುವುದೇನೂ ಇಲ್ಲ, ಕೋಲು ಹಿಡಿದರೆ ಸಾಕು” ಎಂದು ಖಾದರಭಾಯಿಯನ್ನು ಹೊರಡಿಸಿದೆ. ನನ್ನ ಕಾಟ ತಪ್ಪಿದರೆ ಸಾಕೆಂದು ಬಂದರೇ ಹೊರತು ನಂಬಿಕೆಯಿಂದಲ್ಲ. ಗಳಗನಾಥದ ದಂಡೆಯಲ್ಲಿ ಎಡಗೈಯಿಂದ ದಾರ ಎಸೆದರು, ಎಳೆದರು. ಸುಳ್ಳು ಮೀನು ಖರೆ ಮೀನಿನಂತೆ ಓಲಾಡಿತು. ಹಿಂದೆಯೇ ಒಂದು ನೆರಳು ಬಂತು, ಬಾಯಿ ಹಾಕಿತು, ಥೂ ಎಂದು ಉಗುಳಿ ಹೋಯಿತು. ಮತ್ತೊಂದು ಬಂತು, ಅದೂ ಉಗುಳಿತು. ಮುಂದಿನ ಭಾನುವಾರವೂ ಅಷ್ಟೆ. ಖಾದರಭಾಯಿ ಕೋಲನ್ನು ಮರಳಿನ ಮೇಲೆ ಇಟ್ಟುಬಿಟ್ಟರು. ಇನ್ನು ಇವರು ಅದನ್ನು ಎತ್ತುವುದಿಲ್ಲವೆಂದು ನನಗೆ ಖಾತ್ರಿಯಾಯಿತು.

ಹರಿಗೋಲು ನಡೆಸುವ ಮುದುಕರೊಬ್ಬರು ಇದನ್ನೆಲ್ಲ ನೋಡುತ್ತ ಬೀಡಿ ಸೇದುತ್ತಿದ್ದರು. ಹತ್ತಿರ ಬಂದು ನನ್ನ ಕಲಾಕೃತಿಯನ್ನು ಮೂಗಿಗೆ ಹಿಡಿದರು. ಮೂರು ಸಲ ಸೀನಿದರು.

“ಇದೇನ್ರಿ ಮಾಸ್ತರ, ಮೀನಿಗೆ ಮೆಣಸಿನಕಾಯಿ ರಂಜಕ ಉಣಸಾಕತ್ತೀರಿ?”

ಕೈ ಕೆಸರಾದರೆ ಬಾಯಿ ಮೊಸರೆನ್ನುತ್ತಾರೆ; ನನ್ನ ಕೈ ಮೆಣಸಾಗಿ ಪಾಪ ಮೀನಿನ ಬಾಯಿ ಉರಿದಿತ್ತು. ನಾನು ತಲೆ ತಗ್ಗಿಸಿದೆ. ಆಗ ಪಕ್ಕದಲ್ಲಿ ವಿಚಿತ್ರ ಸದ್ದು ಕೇಳಿತು. ಖಾದರಭಾಯಿ ನಗುತ್ತಿದ್ದರು. ಲಕ್ವಾ ಹೊಡೆದ ಮೇಲೆ ಮೊದಲ ಸಲ, ಬಾಯಿ ಒಂದು ಕಡೆಗೆ ಓರೆಯಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ನಕ್ಕು ಮುಗಿಸಿ ಆ ಸುಳ್ಳು ಮೀನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು, ಮುಖ ಗಂಭೀರವಾಯಿತು.

“ಘಾಟಿನ ಮಾತು ಬಿಡ್ರಿ. ಇದನ್ನ ಗಂಟು ಅಂತಾರೇನ್ರಿ? ನಾಳಿ ಕೈ ತೊಳಕೊಂಡು ಮನೀಗೆ ಬರ್ರಿ.”

ಕಡಲೆಹಿಟ್ಟಿನಿಂದ ಮೊಣಕೈವರೆಗೆ ತಿಕ್ಕಿಕೊಂಡು ಹೋದೆ. ಮಷಿನ್ನಿನ ಮೇಲಿನ ಬಟ್ಟೆ ತೆಗೆದಿತ್ತು! ಬಟ್ಟೆಯನ್ನು ಒತ್ತಿಹಿಡಿಯುವ ಮಷಿನ್ನಿನ ಪಾದದ ಕೆಳಗೆ ಅವರು ಕೊಕ್ಕೆಯನ್ನು ಸಿಕ್ಕಿಸಿದ್ದರು. ಅದು ಅಲ್ಲಾಡದೆ ನಿಂತಿತ್ತು. ಎರಡನೆಯ ಕೈಯ ಕೆಲಸವನ್ನು ಮಷಿನ್ನೇ ವಹಿಸಿಕೊಂಡಿತ್ತು. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ಸುತ್ತತೊಡಗಿದರು. ಜಾರಿತು, ಮತ್ತೆ ಸುತ್ತಿದರು. ಮತ್ತೆ ಜಾರಿತು. ನಾನು ಕೈ ಚಾಚಿದೆ. “ಹ್ಞಾಂ, ಕೈ ತಗೀರಿ,” ಎಂದು ದಾರ ಕಚ್ಚಿದ ಬಾಯಿಯಿಂದಲೇ ಗದರಿದರು. ಮೆಣಸಿನ ಕೆಂಪಿನ ಬದಲು ರವಿಕೆ ಹೊಲಿಯುವ ಕೆಂಪು ದಾರ. ಒಂದು ಮೀನಿಗೆ ಇಡೀ ಸಂಜೆ ಹಿಡಿಯಿತು. ಅದರ ಮುಂದೆ ನನ್ನವೆಲ್ಲ ಪೊರಕೆಯ ತುಂಡುಗಳಾಗಿದ್ದವು.

ಮೂರನೆಯ ಭಾನುವಾರ ಮೀನು ಉಗುಳಲಿಲ್ಲ. ಕೋಲು ಬಿಲ್ಲಿನಂತೆ ಬಾಗಿತು, ದಾರ ಸುಂಯ್ ಎಂದಿತು. ನಾನು ಧಾವಿಸಿದೆ. “ಮುಟ್ಟಬ್ಯಾಡ್ರಿ ಮಾಸ್ತರ!” ಎಂಬ ಕೂಗಿಗೆ ಮಂಡಿಯುದ್ದ ನೀರಿನಲ್ಲೇ ನಿಂತೆ. ಕೋಲಿನ ಬುಡವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿ, ಎಡಗೈಯಲ್ಲಿ ಬಿಗಿಹಿಡಿದು, ಖಾದರಭಾಯಿ ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ನಡೆದರು. ಒಮ್ಮೆ ಬಿದ್ದರು. ಕೂತೇ ಹಿಂದಕ್ಕೆ ಸರಿದರು. ಬಾಳೆಮೀನು ಮರಳಿಗೆ ಬಂದು ಬಿತ್ತು.

ಅವರು ಅದನ್ನು ಎಡಗೈಯ ಗೇಣಿನಿಂದ ಅಳೆದರು. ಮೂರು ಗೇಣು, ನಾಲ್ಕು ಬೆರಳು. ಅಳತೆ ತೆಗೆಯುವ ಆ ಕಣ್ಣು ಮೀನಿನಿಂದ ಮೇಲೆದ್ದು, ಮಂಡಿಯವರೆಗೆ ತೊಯ್ದು ನಿಂತಿದ್ದ ನನ್ನ ಮೇಲೆ ನಿಂತಿತು.

“ಕಾಲರ್ ಪೂರಾ ಸವದೈತಲ್ರಿ. ನಾಳಿ ಅಂಗಿ ಅರಿವಿ ತಗೊಂಡು ಬರ್ರಿ.”

ಹೊಲಿಯಲು ಒಂದು ತಿಂಗಳು ಹಿಡಿಯಿತು. ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದವಾಗಿತ್ತು. ಬಿಚ್ಚಿ ಮತ್ತೆ ಹೊಲಿಯುತ್ತೇನೆಂದು ಅವರು ಎಷ್ಟು ಕೇಳಿದರೂ ನಾನು ಅಂಗಿಯನ್ನು ಕೊಡಲಿಲ್ಲ. ಹರಿಯುವವರೆಗೂ ಅದನ್ನೇ ತೊಟ್ಟು, ಎಡತೋಳನ್ನು ಮಡಚಿಕೊಂಡು ಶಾಲೆಗೆ ಹೋದೆ.