ನೀಲಗಂಗಾಳಿಗೆ ಒಂದೇ ‘ಐ’

“ಇದೇನ ಪತ್ತಾ ಏನ ಕೈದಿ ನಂಬರ?”

ಉದಗೀರದಿಂದ ಗೆಳತಿ ಶಕುಂತಲಾ ಫೋನಿನಲ್ಲೇ ಜಗಳಕ್ಕೆ ನಿಂತಿದ್ದಳು. ತಪ್ಪು ನಮ್ಮದೇ.

ಉಮರ್ಗಾದ ಮನೆಯಿಂದ ನಾನೂ ಸೊಸೆ ವೈಶಾಲಿಯೂ ಒಂದು ಫೋರಂ ವೆಬ್‌ಸೈಟ್ ನಡೆಸುತ್ತೇವೆ. ಗಡಿಯ ಈಚೆ, ಮಹಾರಾಷ್ಟ್ರದಲ್ಲಿರುವ ಕನ್ನಡದ ಹೆಂಗಸರು ಅಲ್ಲಿ ಹರಟುತ್ತಾರೆ. ಪುಂಡಿಪಲ್ಯದಿಂದ ಮೊಣಕಾಲು ನೋವಿನವರೆಗೆ. (ಮೊಣಕಾಲಿನದೇ ಹೆಚ್ಚು.) ತನ್ನ ಶಾಲೆಯ ಗೆಳತಿ ನೀಲಗಂಗಾಳನ್ನು ಹುಡುಕಿಕೊಡಿ ಎಂದು ಶಕುಂತಲಾ ಅದರಲ್ಲಿ ಬರೆದಿದ್ದಳು. ಆ ಪುಟದ ಪತ್ತಾದಲ್ಲಿ, ಅಂದರೆ ಯುಆರ್‌ಎಲ್ ವಿಳಾಸದಲ್ಲಿ, ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಹಿಂದೆ ಬರೀ ಅಂಕಿ. ಗೂಗಲ್‌ನಲ್ಲಿ ಹುಡುಕಿದರೆ ನಾಪತ್ತೆ.

ನೀಲಗಂಗಾಳೂ ಹಾಗೇ ನಾಪತ್ತೆ. ಮದುವೆಯಾಗಿ ನಿಲಂಗಾ ಊರಿನ ಕಡೆ ಹೋದಳು, ಅಷ್ಟೇ ಗೊತ್ತು. ನಮ್ಮ ಕಡೆ ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರವಿ, ಮದುಮಗ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಮರಾಠಿ ಮನೆಗಳ ಪದ್ಧತಿ, ಕನ್ನಡದ ಮನೆಗಳಿಗೂ ಬಂತು. ಅಡ್ಡಹೆಸರಲ್ಲ, ಕರೆಯುವ ಹೆಸರೇ ಬೇರೆ. ಆಮೇಲೆ ಹಳೆಯ ಹೆಸರು ಕೂಗುವವರು ತವರಿನವರು ಮಾತ್ರ. ಅವರೂ ತೀರಿಕೊಂಡ ಮೇಲೆ? ಆ ಮದುವೆಯ ಹೊತ್ತಿಗೆ ಶಕುಂತಲಾ ಬಾಣಂತಿ, ಹೋಗಲಾಗಲಿಲ್ಲ. ಅಕ್ಕಿಯಲ್ಲಿ ಏನು ಬರೆದರೋ ಅವಳಿಗೆ ಗೊತ್ತಿಲ್ಲ.

ವೈಶಾಲಿ ಸೆಟ್ಟಿಂಗ್ಸ್‌ಗೆ ಹೋಗಿ, ಬರಹದ ಶೀರ್ಷಿಕೆಯೇ ವಿಳಾಸವಾಗುವಂತೆ ಮಾಡಿದಳು. ಸರ್ಚ್ ಫ್ರೆಂಡ್ಲಿ ಅಂತೆ. ಆದರೆ ನಮ್ಮ ಸಾಫ್ಟ್‌ವೇರ್ ಕನ್ನಡ ಅಕ್ಷರಗಳನ್ನೆಲ್ಲ ನುಂಗಿ ಹೈಫನ್‌ಗಳನ್ನು ಮಾತ್ರ ಉಗುಳಿತು. ಇಂಗ್ಲಿಷಿನಲ್ಲೇ ಬರೆಯಬೇಕಂತೆ. ಸರಿ, ನಾನು ಕಾನ್ವೆಂಟಿನವಳು. ಸ್ಪೆಲ್ಲಿಂಗ್ ನನ್ನ ಡಿಪಾರ್ಟ್‌ಮೆಂಟ್! ನೀಲಗಂಗಾ ಹೆಸರಿಗೆ ಡಬಲ್ ಇ ಹಾಕಿ, ಕನ್ನಡದ ಬಾಯಿಗೆ ಒಪ್ಪುವಂತೆ ನಡುವೆ ಒಂದು ಎ ಸೇರಿಸಿ, ಪಕ್ಕದಲ್ಲಿ ಉದಗೀರ ಎಂದೂ ಬರೆದೆ.

ವಾರಗಳು ಕಳೆದವು. ಯಾರೂ ಬರಲಿಲ್ಲ.

“ಹೆಸರ ಹ್ಯಾಂಗ ಬರ್ದಿದಿ? ಓದ ನೋಡೂಣು,” ಎಂದಳು ಶಕುಂತಲಾ. ಒಂದೊಂದೇ ಅಕ್ಷರ ಓದಿದೆ.

“ಏ ಮೇಡಮ್ಮ! ಆಕಿ ನನ್ನ ಜೋಡಿ ಮರಾಠಿ ಸಾಳಿ ಕಲ್ತಾಕಿ. ನಾವು ಒಂದೇ ಐ ಹಾಕ್ತಿದ್ದಿವಿ, ನಡುವ ಎ ಗಿ ಏನೂ ಇಲ್ಲ. ನಿನ್ನ ಕಾನ್ವೆಂಟ್ ಸಿಸ್ಟರ್‌ಗೋಳು ಬಂದು ಆಕಿಗಿ ಇಂಗ್ಲಿಷ್ ಕಲಿಸ್ಯಾರೇನ?”

ವೈಶಾಲಿ ಪಕ್ಕದಲ್ಲೇ ನಕ್ಕಳು. (ಅವಳ ತವರು ಮರಾಠಿ, ನಗುವ ಹಕ್ಕಿದೆ.) “ನಂಗೂ ಹಂಗೇ ಅನ್ನಿಸಿತ್ರೀ ಆಯಿ. ನಿಮ್ಮ ಇಂಗ್ಲಿಷಿಗಿ ಯಾರ್ ಅಡ್ಡ ಬರ್ಬೇಕು?”

ಶೀರ್ಷಿಕೆ ಬದಲಾಯಿತು, ವಿಳಾಸವೂ ಬದಲಾಯಿತು. ಹಳೆಯ ಲಿಂಕ್ ಹಿಡಿದು ಬಂದವರ ಗತಿಯೇನು ಎಂದೆ.

“ರಿಡೈರೆಕ್ಟ್ ಹಾಕೀನ್ರಿ. ಹಳೇ ಪತ್ತಾಕ್ಕ ಬಂದವರನ್ನ ತಾನೇ ಹೊಸಾ ಪತ್ತಾಕ್ಕ ಮುಟ್ಟಸ್ತದ. ಯಾರೂ ದಾರಿ ತಪ್ಪಂಗಿಲ್ಲ.”

ಎಂಥ ಏರ್ಪಾಡು! ಅಕ್ಕಿಯ ತಾಟಿಗೆ ಇಂಥದೊಂದನ್ನು ಜೋಡಿಸಲು ಯಾರಿಗೂ ಹೊಳೆಯಲಿಲ್ಲವಲ್ಲ?

ಕಳೆದ ವಾರ ಆ ಪುಟಕ್ಕೆ ಉತ್ತರ ಬಂತು. ನಿಲಂಗಾ ಕಡೆಯ ಕಾಸಾರಶಿರಸಿಯಿಂದ, ಸುಲೋಚನಾ ಎಂಬ ಹೆಸರಿನಲ್ಲಿ.

“ಶಕೂ, ನಾನೇ ನೀಲಗಂಗಾ. ನೀ ಹುಡಕ್ಲಿಕತ್ತಿದ್ದು ನಂಗ ಗೊತ್ತಿರಲಿಲ್ಲ. ಮೊಮ್ಮಗಳ ಫೋನಿನ್ಯಾಗ ಸುಮ್ಮ ನನ್ನ ಹಳೀ ಹೆಸರ ಹಾಕಿ ನೋಡಿದೆ. ಎಲ್ಲ್ಯರೆ ಉಳದೀನೇನ ಅಂತ.”

ಓದಿ ಹೇಳಿದಾಗ ಶಕುಂತಲಾ ಅತ್ತಳು. ಮೂಗು ಒರೆಸಿಕೊಂಡು, ಡಬಲ್ ಇ ಬಗ್ಗೆ ಇನ್ನೊಮ್ಮೆ ಬೈದಳು.

ಫೋನಿಟ್ಟ ಮೇಲೆ ನಾನೂ ಗೂಗಲ್ ತೆರೆದೆ. ನನ್ನ ತವರಿನ ಹೆಸರು ಹಾಕಿದೆ, ಕಾನ್ವೆಂಟ್ ಸ್ಪೆಲ್ಲಿಂಗಿನಲ್ಲೇ. ಒಂದು ಸೀರೆ ಅಂಗಡಿ ಬಂತು. ಒಂದು ಮದುವೆ ಹಾಲ್ ಬಂತು.

ನೀವು ನಿಮ್ಮದನ್ನು ಹಾಕಿ ನೋಡಿದ್ದೀರಾ?